ಬಿಟ್ಟಿ ಉಂಡವರು ಯಾರು?

ಚಾಮರಾಜನಗರದಿಂದ ಮೈಸೂರಿಗೆ ಹೊರಟ ಬೆಳಗಿನ ಬಸ್ಸು. ಕವಲಂದೆ ದಾಟುವಷ್ಟರಲ್ಲಿ ಕಾಲಿಡಲು ಜಾಗವಿರಲಿಲ್ಲ. ಹತ್ತಿದವರಲ್ಲಿ ಮುಕ್ಕಾಲು ಪಾಲು ಹೆಂಗಸರು. ಗಾರೆ ಕೆಲಸಕ್ಕೆ ಹೋಗುವವರು, ಮನೆಗೆಲಸಕ್ಕೆ ಹೋಗುವವರು, ಕಾಲೇಜಿನ ಹುಡುಗಿಯರು, ಸೊಪ್ಪಿನ ಬುಟ್ಟಿ ಇಟ್ಟುಕೊಂಡ ಇಬ್ಬರು. ಒಂದು ಬುಟ್ಟಿ ಕಾಲಿಗೆ ತಾಗಿತೆಂದು, ಹೆಗಲಿಗೆ ಬ್ಯಾಗು ನೇತುಹಾಕಿಕೊಂಡ ನಡುವಯಸ್ಸಿನವರೊಬ್ಬರು ಸಿಡುಕಿದರು. "ಬಿಟ್ಟಿ ಸಿಕ್ತು ಅಂತ ಊರಿಗೆ ಊರೇ ಬಸ್ಸು ಹತ್ತಿಬಿಟ್ಟಿದೆ. ದುಡ್ಡು ಕೊಟ್ಟೋರು ನಿಂತ್ಕೊಂಡು ಸಾಯ್ಬೇಕು." ನಾಲ್ಕು ಜನ ನಕ್ಕರು. ಕಿಟಕಿ ಪಕ್ಕ ಕೂತಿದ್ದ ನಾನು ನಗಲಿಲ್ಲ. ಏನನ್ನೂ ಹೇಳಲೂ ಇಲ್ಲ.

ಸೊಪ್ಪಿನ ಅಮ್ಮ ಜಗಳಕ್ಕೆ ಹೋಗಲಿಲ್ಲ. ಬುಟ್ಟಿಯನ್ನು ತನ್ನ ಕಡೆಗೆ ಇನ್ನಷ್ಟು ಎಳೆದುಕೊಂಡು, ಜೊತೆಯವಳಿಗೋ ನನಗೋ ತಿಳಿಯದ ಹಾಗೆ ಅಂದರು: "ಬಿಟ್ಟಿ ಅಂದ್ರ ನಮ್ಮವ್ವ ಹೋಗ್ತಿತ್ತಲ್ಲ, ಅದು. ಇದ್ಯಾಕ ಬಿಟ್ಟಿ ಆದ್ದು?"

ತಿರುಗೇಟು ಕೊಡಬೇಕೆಂದು ಆಡಿದ ಮಾತಲ್ಲ ಅದು. ಅವರಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ. ಅವರ ಮನೆಯಲ್ಲಿ ಆ ಪದಕ್ಕೆ ಒಂದೇ ಅರ್ಥ: ಗೌಡರ ಹೊಲಕ್ಕೆ, ಗೌಡರ ಹಟ್ಟಿಗೆ, ಗೌಡರ ಮದುವೆ ಮನೆಗೆ ಕೂಲಿಯಿಲ್ಲದೆ ಹೋಗಿ ದುಡಿದು ಬರುವುದು. ಬಿಟ್ಟಿ ಎಂದರೆ ಅವರವ್ವ ಕಳೆದುಕೊಂಡದ್ದು. ಬಸ್ಸಿನಲ್ಲಿ ಸಿಡುಕಿದವರ ಪಾಲಿಗೆ ಬಿಟ್ಟಿ ಎಂದರೆ ಈ ಅಮ್ಮ ಪಡೆದದ್ದು. ಒಂದೇ ಪದ, ಒಂದೇ ಬಸ್ಸು, ನಡುವೆ ಒಂದು ಸೊಪ್ಪಿನ ಬುಟ್ಟಿ. ಕನ್ನಡವನ್ನೇ ನೆಚ್ಚಿ ಬದುಕಿದ ನನಗೆ ಆ ಕ್ಷಣ ನನ್ನ ಭಾಷೆಯ ಬಗ್ಗೆ ನಾಚಿಕೆಯಾಯಿತು. ಆ ನಾಚಿಕೆಯನ್ನು ನಿಮ್ಮೆದುರು ಇಡಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ಬಿಟ್ಟಿ ಎಂಬುದು ಸಂಸ್ಕೃತದ 'ವಿಷ್ಟಿ'ಯ ತದ್ಭವ. (ಹೊಯ್ಸಳರ ಬಿಟ್ಟಿದೇವನ ಹೆಸರಿಗೂ ಇದಕ್ಕೂ ನಂಟಿಲ್ಲ. ಅದು ವಿಷ್ಣುವಿನಿಂದ ಬಂದದ್ದು.) ವಿಷ್ಟಿ ಎಂದರೆ ಅರಸನೋ ಅಧಿಕಾರಿಯೋ ಒತ್ತಾಯದಿಂದ, ಕೂಲಿ ಕೊಡದೆ ಮಾಡಿಸಿಕೊಳ್ಳುವ ದುಡಿಮೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಈ ಪದವಿದೆ. ಗುಜರಾತಿನ ಜುನಾಗಢದ ಬಂಡೆಯ ಮೇಲೆ ಸುಮಾರು ಕ್ರಿ.ಶ. 150ರಲ್ಲಿ ಕೆತ್ತಿಸಿದ ರುದ್ರದಾಮನ ಶಾಸನದಲ್ಲೂ ಇದೆ. ಒಡೆದುಹೋಗಿದ್ದ ಸುದರ್ಶನ ಕೆರೆಯ ಏರಿಯನ್ನು ಮತ್ತೆ ಕಟ್ಟಿಸಿದ್ದಕ್ಕಾಗಿ ಆ ಶಾಸನ ಅವನನ್ನು ಹೊಗಳುತ್ತದೆ. ಕರ, ವಿಷ್ಟಿ, ಪ್ರಣಯ ಎಂಬ ಹೆಸರಿನಲ್ಲಿ ಜನರನ್ನು ಪೀಡಿಸದೆ ತನ್ನ ಬೊಕ್ಕಸದ ಹಣದಿಂದಲೇ ಏರಿ ಕಟ್ಟಿಸಿದನೆಂಬುದು ಆ ಹೊಗಳಿಕೆಯ ತಿರುಳು. (ಇಲ್ಲಿ ಪ್ರಣಯವೆಂದರೆ ಒಲುಮೆಯ ಹೆಸರಿನ ವಸೂಲಿ.) ಬಿಟ್ಟಿ ಹಿಡಿಯದೆ ಕೆಲಸ ಮಾಡಿಸಿದ್ದನ್ನು ಒಬ್ಬ ಅರಸ ಕಲ್ಲಿನ ಮೇಲೆ ಕೆತ್ತಿಸಿಕೊಳ್ಳುತ್ತಾನೆಂದರೆ, ಉಳಿದವರೆಲ್ಲ ಏನು ಮಾಡುತ್ತಿದ್ದರು ಎಂದು ಬೇರೆ ಹೇಳಬೇಕಿಲ್ಲ.

ನಮ್ಮ ಕನ್ನಡ ಶಾಸನಗಳಲ್ಲೂ ತೆರಿಗೆಗಳ ಪಟ್ಟಿಯಲ್ಲಿ ಬಿಟ್ಟಿ ಬರುತ್ತದೆ. ಅಗ್ರಹಾರಕ್ಕೋ ದೇವಸ್ಥಾನಕ್ಕೋ ಭೂಮಿಯನ್ನು ಧಾರೆಯೆರೆದು ಕೊಟ್ಟಾಗ, ಇಂತಿಂಥ ತೆರಿಗೆಗಳಿಂದ ಬಿಡುಗಡೆ ಎಂದು ಬರೆಸುವ ವಾಡಿಕೆಯಿತ್ತು. ಭೂಮಿ ಕೈಗೆ ಬಂತು, ಕಂದಾಯವಿಲ್ಲ, ಉಪದ್ರವವಿಲ್ಲ. ಅದನ್ನು ಪಡೆದವರನ್ನು ಯಾರಾದರೂ ಬಿಟ್ಟಿ ಉಣ್ಣುವವರು ಎಂದರೇ? ಇಲ್ಲ. ಅದಕ್ಕೆ ನಮ್ಮ ಭಾಷೆ ಇಟ್ಟ ಹೆಸರು 'ಸರ್ವಮಾನ್ಯ.' ಮಾನ್ಯ, ದತ್ತಿ, ಉಂಬಳಿ, ಇನಾಮು: ಎಷ್ಟು ಚೆಂದದ ಪದಗಳು ನೋಡಿ. ಮೇಲಿನವರಿಗೆ ಬೆಲೆಯಿಲ್ಲದೆ ಭೂಮಿ ಸಿಕ್ಕರೆ ಅದು ಮಾನ್ಯ. ಕೆಳಗಿನವರ ದುಡಿಮೆಯನ್ನು ಬೆಲೆಯಿಲ್ಲದೆ ಕಿತ್ತುಕೊಂಡರೆ ಅದು ಬಿಟ್ಟಿ. ಭಾಷೆ ಆವತ್ತು ಕ್ರೂರವಾಗಿತ್ತು, ಆದರೆ ಲೆಕ್ಕ ತಪ್ಪಿರಲಿಲ್ಲ. ಯಾರು ಕೊಟ್ಟರು, ಯಾರು ಕಿತ್ತುಕೊಂಡರು ಎಂಬುದು ಆ ಪದಗಳಲ್ಲಿ ಸ್ಪಷ್ಟವಾಗಿತ್ತು. ಇವತ್ತು ಆ ಲೆಕ್ಕವೂ ತಲೆಕೆಳಗಾಗಿದೆ.

ಈ ಪದಕ್ಕೆ ಅಕ್ಕಪಕ್ಕದ ನುಡಿಗಳಲ್ಲಿ ಒಡಹುಟ್ಟಿದವರಿದ್ದಾರೆ. ತಮಿಳಿನಲ್ಲಿ ವೆಟ್ಟಿ. ತೆಲುಗಿನಲ್ಲಿ ವೆಟ್ಟಿ ಚಾಕಿರಿ. ನಿಜಾಮನ ರಾಜ್ಯದಲ್ಲಿ ದೊರೆಗಳೂ ದೇಶಮುಖರೂ ಹಳ್ಳಿಯ ಬಡವರಿಂದ ವೆಟ್ಟಿ ಚಾಕಿರಿ ಮಾಡಿಸಿಕೊಂಡರು. 1946ರಿಂದ ತೆಲಂಗಾಣದ ರೈತರು ತಿರುಗಿ ಬಿದ್ದದ್ದಕ್ಕೆ ಇದೂ ಒಂದು ದೊಡ್ಡ ಕಾರಣ. ಬೀದರ್, ಕಲಬುರಗಿ, ರಾಯಚೂರು ಸೀಮೆಯ ಕನ್ನಡಿಗರೂ 1948ರವರೆಗೆ ಅದೇ ನಿಜಾಮನ ಪ್ರಜೆಗಳಾಗಿದ್ದರು. ಬಿಟ್ಟಿ ಎಂದರೇನೆಂದು ಅವರಿಗೆ ನಿಘಂಟು ತೆರೆದು ಹೇಳಿಕೊಡಬೇಕಾದ ಅಗತ್ಯವಿರಲಿಲ್ಲ. ಹಳೇ ಮೈಸೂರಿನಲ್ಲೂ ಅಷ್ಟೇ. ಕವಿ ಸಿದ್ಧಲಿಂಗಯ್ಯನವರು 'ಊರು ಕೇರಿ'ಯಲ್ಲಿ, ತಮ್ಮ ತಂದೆ ಎತ್ತಿನಂತೆ ನೊಗಕ್ಕೆ ಹೆಗಲು ಕೊಟ್ಟು ಉಳುತ್ತಿದ್ದುದನ್ನು ಮಗುವಿನ ಕಣ್ಣಲ್ಲಿ ನೋಡಿದ ನೆನಪನ್ನು ದಾಖಲಿಸಿದ್ದಾರೆ. ಇದು ಶಾಸನ ಕಾಲದ ಮಾತಲ್ಲ, ನಮ್ಮ ಜೊತೆ ಬದುಕಿ 2021ರಲ್ಲಿ ತೀರಿಕೊಂಡ ಕವಿಯೊಬ್ಬರ ಬಾಲ್ಯ.

ಸಂವಿಧಾನದ 23ನೇ ವಿಧಿಯನ್ನು ಒಮ್ಮೆ ಓದಿ. ಬಲವಂತದ ದುಡಿಮೆಯನ್ನು ನಿಷೇಧಿಸುವ ಆ ವಿಧಿಯ ಇಂಗ್ಲಿಷ್ ಪಠ್ಯದಲ್ಲಿ 'ಬೇಗಾರ್' ಎಂಬ ನಮ್ಮ ನೆಲದ ಮಾತನ್ನೇ ಹಾಗೆಯೇ ಇಟ್ಟಿದ್ದಾರೆ. ನಮ್ಮ ಹಿರಿಯರು 'ಬಿಟ್ಟಿ ಬೇಗಾರಿ' ಎಂದು ಜೋಡಿಸಿ ಆಡುತ್ತಿದ್ದರಲ್ಲ, ಅದೇ ಬೇಗಾರಿ. ಈ ಅನ್ಯಾಯವನ್ನು ಪರಭಾಷೆಯ ಪದದಲ್ಲಿ ಹೇಳಿದರೆ ಅದರ ಕಹಿ ಉಳಿಯುವುದಿಲ್ಲವೆಂದು ಸಂವಿಧಾನ ಬರೆದವರಿಗೆ ಅನ್ನಿಸಿರಬೇಕು. 1950ರ ಜನವರಿ 26ರಂದು ಈ ದೇಶ ಬಿಟ್ಟಿಯನ್ನು ಅಪರಾಧ ಎಂದಿತು. ಜೀತ ಪದ್ಧತಿ ರದ್ದತಿ ಕಾಯ್ದೆ ಬರಲು ಮತ್ತೆ 26 ವರ್ಷ ಬೇಕಾಯಿತು.

ಹಾಗಾದರೆ ಕೂಲಿಯಿಲ್ಲದ ಕೆಲಸದ ಹೆಸರು ಬೆಲೆಯಿಲ್ಲದೆ ಸಿಗುವ ವಸ್ತುವಿನ ಹೆಸರಾದದ್ದು ಹೇಗೆ? ದಾರಿ ಸುಲಭವಾಗಿಯೇ ಕಾಣುತ್ತದೆ. 'ಬಿಟ್ಟಿ ಕೆಲಸ' ಎಂದರೆ ಕೂಲಿ ಕೊಡದೆ ಮಾಡಿಸಿದ್ದು. ಮಾಡಿಸಿಕೊಂಡವನಿಗೆ ಅದು ಖರ್ಚಿಲ್ಲದೆ ದಕ್ಕಿದ್ದು. ಅವನ ಬಾಯಲ್ಲಿ 'ಬಿಟ್ಟಿಯಾಗಿ' ಎಂದರೆ 'ಖರ್ಚಿಲ್ಲದೆ' ಎಂದಾಯಿತು. ಕೊನೆಗೆ ಅವನ ಅರ್ಥವೇ ಎಲ್ಲರ ಅರ್ಥವಾಯಿತು. ಗಮನಿಸಿ, ಈ ಪದ ದುಡಿದವಳ ಬಾಯಿಂದ ದುಡಿಸಿಕೊಂಡವನ ಬಾಯಿಗೆ ದಾಟುವಾಗ ಅರ್ಥ ಬದಲಿಸಿತು. ಪದಗಳ ಅರ್ಥ ಬದಲಾಗುವುದು ಸಹಜ. ನುಡಿ ಹರಿಯುವ ನೀರು, ಅದಕ್ಕೆ ಅಣೆಕಟ್ಟು ಕಟ್ಟಬೇಕೆಂದು ನಾನು ಹೇಳುತ್ತಿಲ್ಲ. ಅಂಗಡಿಯವನು ಒಂದು ಸೋಪಿಗೆ ಇನ್ನೊಂದನ್ನು ಬಿಟ್ಟಿ ಕೊಟ್ಟ ಎಂದು ನೀವೆಂದರೆ ನನ್ನ ತಕರಾರಿಲ್ಲ. ಬಿಟ್ಟಿ ದುಡಿದವರ ಮಕ್ಕಳ ಮುಖಕ್ಕೇ ಆ ಪದವನ್ನು ಎಸೆಯುವುದಿದೆಯಲ್ಲ, ಅದು ನುಡಿಯ ಹರಿವಲ್ಲ. ಅದು ನಮ್ಮ ಮನಸ್ಸಿನ ಕೆಲಸ, ಅದಕ್ಕೆ ನಾವೇ ಹೊಣೆ.

ಕಳೆದ ಕೆಲವು ವರ್ಷಗಳಲ್ಲಿ 'ಬಿಟ್ಟಿ ಭಾಗ್ಯ' ಎಂಬ ಜೋಡಿಪದ ನಮ್ಮ ನಾಲಗೆಯ ಮೇಲೆ ಕೂತಿದೆ. 2013ರಲ್ಲಿ ಅನ್ನಭಾಗ್ಯ ಬಂತು. 2023ರ ಜೂನ್ 11ರಂದು ಹೆಂಗಸರ ಬಸ್ ಪ್ರಯಾಣದ ಶಕ್ತಿ ಯೋಜನೆ ಶುರುವಾಯಿತು. ಹಿಂದೆಯೇ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಬಂತು, 200 ಯೂನಿಟ್‌ವರೆಗೆ ವಿದ್ಯುತ್ ಬಂತು. ಆಹಾರ ಭದ್ರತಾ ಕಾಯ್ದೆಯ ಪಡಿತರವನ್ನು ಕೇಂದ್ರ ಸರ್ಕಾರವೂ 2023ರ ಜನವರಿಯಿಂದ ದುಡ್ಡಿಲ್ಲದೆ ಕೊಡುತ್ತಿದೆ. ಯಾವ ಪಕ್ಷದ್ದು ಯಾವುದು ಎಂಬ ಜಗಳ ನನಗೆ ಬೇಡ. ಈ ಯೋಜನೆಗಳನ್ನು ಪ್ರಶ್ನಿಸಬೇಡಿ ಎಂದೂ ನಾನು ಹೇಳುವುದಿಲ್ಲ. ಸಾರಿಗೆ ನಿಗಮಗಳಿಗೆ ಸರ್ಕಾರ ಹಣವನ್ನು ಹೊತ್ತಿಗೆ ಸರಿಯಾಗಿ ಕಟ್ಟುತ್ತಿದೆಯೇ, ಜನ ಹೆಚ್ಚಿದಂತೆ ಬಸ್ಸು ಹೆಚ್ಚಿದವೇ, ಅಕ್ಕಿ ಕಾಳಸಂತೆಗೆ ಹೋಗುತ್ತಿದೆಯೇ, ಈ ಹಣದಲ್ಲಿ ಆಸ್ಪತ್ರೆ ಕಟ್ಟಿದ್ದರೆ ಇನ್ನೂ ಒಳ್ಳೆಯದಿತ್ತೇ? ಕೇಳಿ, ಗಟ್ಟಿಯಾಗಿಯೇ ಕೇಳಿ. ಆ ಪ್ರಶ್ನೆಗಳೆಲ್ಲ ಸರ್ಕಾರಕ್ಕೆ ಹೋಗಬೇಕಾದವು. 'ಬಿಟ್ಟಿ' ಎಂಬ ಪದ ಮಾತ್ರ ಸರ್ಕಾರದ ಕಡೆಗೆ ಹೋಗುವುದೇ ಇಲ್ಲ. ಅದು ನೇರವಾಗಿ ಸೊಪ್ಪಿನ ಬುಟ್ಟಿಯ ಕಡೆಗೆ ಹೋಗುತ್ತದೆ.

ಭಾಗ್ಯ ಎಂಬ ಪದವನ್ನೂ ಒಮ್ಮೆ ಬಿಡಿಸಿ ನೋಡಿ. ಅದರೊಳಗೆ 'ಭಾಗ' ಇದೆ. ಭಾಗಕ್ಕೆ ಬಂದದ್ದು, ಪಾಲಿಗೆ ಬಂದದ್ದು ಭಾಗ್ಯ. ಅಂದರೆ 'ಬಿಟ್ಟಿ ಭಾಗ್ಯ' ಎಂಬುದನ್ನು ಹಳೆಯ ಅರ್ಥದಲ್ಲಿ ಓದಿದರೆ ಅದು ಕೂಲಿ ಸಿಗದ ದುಡಿಮೆಗೆ ಸಲ್ಲಬೇಕಾದ ಪಾಲು. ಹೀಯಾಳಿಸಲೆಂದು ಕಟ್ಟಿದ ಪದವೇ ತಲೆಮಾರುಗಳ ಬಾಕಿಯನ್ನು ಹೇಳಿಬಿಡುತ್ತಿದೆ. 'ಉಚಿತ' ಎಂಬ ಪದವೂ ಹಾಗೆಯೇ. ಔಚಿತ್ಯ, ಸಮುಚಿತ, ಯಥೋಚಿತ ಎನ್ನುವಾಗ ನಾವು ಅದೇ ಪದವನ್ನು 'ತಕ್ಕದ್ದು' ಎಂಬ ಅರ್ಥದಲ್ಲಿ ಬಳಸುತ್ತೇವೆ. ಇನ್ನು 'ಜೀತ.' ಇವತ್ತು ಅದು ಗುಲಾಮಗಿರಿಯ ಹೆಸರು. ಹಳಗನ್ನಡದಲ್ಲಿ ಅದು ಸಂಬಳ, 'ಜೀವಿತ'ದ ತದ್ಭವ, ಬದುಕಲು ಕೊಡುವ ಹಣ. ಸಂಬಳದ ಪದ ಗುಲಾಮಗಿರಿಯ ಪದವಾಗಬೇಕಾದರೆ ಈ ನಾಡಿನಲ್ಲಿ ಎಷ್ಟು ಜನರಿಗೆ ಎಷ್ಟು ಕಾಲ ಸಂಬಳ ಕೊಟ್ಟಂತೆ ಮಾಡಿ ಮೋಸ ಮಾಡಿರಬೇಕು!

ಉಳ್ಳವರಿಗೆ ಸಿಕ್ಕಿದ್ದಕ್ಕೆ ಇವತ್ತಿಗೂ ಮಾನ್ಯದ ಪದಗಳೇ ಇವೆ. ಕಾರ್ಖಾನೆಗೆ ಕಡಿಮೆ ಬೆಲೆಗೆ ಭೂಮಿ, ನೀರು, ವಿದ್ಯುತ್ ಕೊಟ್ಟರೆ ಅದು 'ಪ್ರೋತ್ಸಾಹ.' ತೆರಿಗೆ ಬಿಟ್ಟರೆ 'ವಿನಾಯಿತಿ.' 2019ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಕಂಪನಿಗಳ ತೆರಿಗೆಯ ದರವನ್ನು 30ರಿಂದ 22 ಪ್ರತಿಶತಕ್ಕೆ ಇಳಿಸಿತು. ಇದರಿಂದ ಬೊಕ್ಕಸಕ್ಕೆ ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ಕಡಿಮೆಯಾಗುತ್ತದೆಂದು ಸರ್ಕಾರವೇ ಹೇಳಿತು. ಅದು ಒಳ್ಳೆಯ ನಿರ್ಧಾರವೋ ಕೆಟ್ಟದ್ದೋ ಎಂದು ಅರ್ಥಶಾಸ್ತ್ರಜ್ಞರು ವಾದಿಸಲಿ. ನಾನು ಕೇಳುವುದು ಒಂದೇ: ಆವತ್ತು ಯಾವ ಪತ್ರಿಕೆ 'ಬಿಟ್ಟಿ' ಎಂದು ತಲೆಬರಹ ಕೊಟ್ಟಿತು? ನಾನು ಕಾರಿನಲ್ಲಿ ಕೂತು ಮೇಲ್ಸೇತುವೆ ದಾಟುವಾಗ ಯಾರೂ ನನ್ನನ್ನು ಬಿಟ್ಟಿ ಎನ್ನುವುದಿಲ್ಲ. ಆ ಮೇಲ್ಸೇತುವೆಗೆ ಹಣ ಕೊಟ್ಟವರಲ್ಲಿ ಸೊಪ್ಪಿನ ಅಮ್ಮನೂ ಇದ್ದಾರೆ. ಅವರು ಕೊಳ್ಳುವ ಸೋಪು, ಬಿಸ್ಕತ್ತು, ಮಗಳ ಚಪ್ಪಲಿ, ಎಲ್ಲದರಲ್ಲೂ ತೆರಿಗೆಯಿದೆ. 'ನಮ್ಮ ತೆರಿಗೆ ಹಣ' ಎನ್ನುವಾಗ ನಮ್ಮ ಬಾಯಲ್ಲಿ ಬರುವ ಆ 'ನಮ್ಮ'ದೊಳಗೆ ಅವರನ್ನು ಸೇರಿಸಿಕೊಂಡವರು ಎಷ್ಟು ಜನ?

ಬಿಟ್ಟಿ ಎಂಬುದು ಮುಗಿದ ಕತೆ, ಗೌಡರ ಕಾಲಕ್ಕೇ ಹೋಯಿತು ಎನ್ನುವವರಿಗೆ ಹೇಳುತ್ತೇನೆ. ಅದು ಹೋಗಿಲ್ಲ, ಹೆಸರು ಬದಲಿಸಿಕೊಂಡು ನಮ್ಮ ಮನೆಗಳಲ್ಲೇ ಇದೆ.

ರಾಷ್ಟ್ರೀಯ ಸಾಂಖ್ಯಿಕ ಕಚೇರಿ ಜನರ ದಿನದ ಹೊತ್ತು ಹೇಗೆ ಕಳೆಯುತ್ತದೆಂದು ಲೆಕ್ಕ ಹಾಕುತ್ತದೆ. 2024ರ ಲೆಕ್ಕದಲ್ಲಿ, ಕೂಲಿಯಿಲ್ಲದ ಮನೆಗೆಲಸದಲ್ಲಿ ತೊಡಗಿದವರ ಪೈಕಿ ಹೆಂಗಸರು ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88. ಹತ್ತಿರ ಹತ್ತಿರ ಐದು ಗಂಟೆ. ಭಾನುವಾರವಿಲ್ಲ, ಹಬ್ಬದ ರಜೆಯಿಲ್ಲ, ಹಬ್ಬ ಬಂದರೆ ಇನ್ನಷ್ಟು ಹೆಚ್ಚು. ಇಷ್ಟು ದುಡಿದವಳಿಗೆ ನಮ್ಮ ಜನಗಣತಿ ಇಟ್ಟ ಹೆಸರೇನು ಗೊತ್ತೇ? 'ಕೆಲಸ ಮಾಡದವಳು.' ಗೃಹಿಣಿಯರನ್ನು ಭಿಕ್ಷುಕರು ಮತ್ತು ಕೈದಿಗಳ ಸಾಲಿನಲ್ಲಿ ಸೇರಿಸಿದ್ದನ್ನು 2010ರಲ್ಲಿ ಸುಪ್ರೀಂ ಕೋರ್ಟು ತೀರ್ಪೊಂದರಲ್ಲಿ ಖಂಡಿಸಬೇಕಾಯಿತು. ಈಗ ಹೇಳಿ: ಆ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಬಂದಾಗ, 'ಮನೇಲಿ ಕೂತೋರಿಗೆ ಬಿಟ್ಟಿ ದುಡ್ಡು' ಎಂದವರು ಆವತ್ತು ಬೆಳಗ್ಗೆ ಉಂಡು ಬಂದ ಉಪ್ಪಿಟ್ಟನ್ನು ಯಾರು ಕೆದಕಿದ್ದರು? ಅದಕ್ಕೆ ಅವರು ಎಷ್ಟು ಕೂಲಿ ಕೊಟ್ಟಿದ್ದರು? ಬಿಟ್ಟಿ ಉಂಡವರು ಯಾರು?

ಇದನ್ನು ನಾನು ಬೇರೆ ಯಾರನ್ನೋ ಕೇಳುತ್ತಿಲ್ಲ. ನನ್ನ ಮನೆಯ ಅಡುಗೆಮನೆಯಲ್ಲಿ ನಾನು ಎಷ್ಟು ವರ್ಷ ಅತಿಥಿಯಂತೆ ಇದ್ದೆ ಎಂಬುದು ನನಗೆ ಗೊತ್ತು. ನನ್ನ ಅಮ್ಮ ತೀರಿಕೊಂಡ ಮೇಲೆ ಆಕೆಯ ಕೈ ರುಚಿಯನ್ನು ನೆನೆದು ಅತ್ತಿದ್ದೇನೆ. ಆಕೆ ಬದುಕಿದ್ದಾಗ ಒಂದು ದಿನವೂ ಆ ಕೈಗೆ ಬಿಡುವು ಕೊಟ್ಟವನಲ್ಲ.

ಮನೆಯಿಂದ ಹೊರಗೆ ಬನ್ನಿ. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಮೊದಲು ಆರಿಸಿಕೊಂಡದ್ದು ಇದೇ ಮೈಸೂರು ಸೀಮೆಯ ತಿರುಮಕೂಡಲು ನರಸೀಪುರವನ್ನು. ಅರ್ಧ ಶತಮಾನವಾಯಿತು. ಅಂಗನವಾಡಿಯಲ್ಲಿ ಮಕ್ಕಳಿಗೆ ಉಣಿಸಿ, ತೂಕ ನೋಡಿ, ಬಸುರಿಯರ ಪಟ್ಟಿ ಬರೆದು, ಕೊಟ್ಟ ಸಮೀಕ್ಷೆಗಳನ್ನೆಲ್ಲ ಮಾಡಿ ಮುಗಿಸುವ ಆ ಹೆಣ್ಣುಮಕ್ಕಳಿಗೆ ಇವತ್ತಿಗೂ ಕೊಡುವುದು ಸಂಬಳವಲ್ಲ, 'ಗೌರವಧನ.' ಅವರಿಗೆ ಗ್ರಾಚ್ಯುಟಿ ಸಲ್ಲಬೇಕೆಂದು ಸುಪ್ರೀಂ ಕೋರ್ಟು ಹೇಳಲು 2022ರ ಏಪ್ರಿಲ್ ಬರಬೇಕಾಯಿತು. ಆಶಾ ಕಾರ್ಯಕರ್ತೆಯರಂತೂ ಸರ್ಕಾರದ ಕಡತದಲ್ಲಿ 'ಸ್ವಯಂಸೇವಕಿಯರು.' ಕೊರೊನಾ ಕಾಲದಲ್ಲಿ ನಾವು ಬಾಗಿಲು ಹಾಕಿಕೊಂಡು ಕೂತಿದ್ದಾಗ ಮನೆಮನೆಗೆ ಬಂದು ಜ್ವರ ಕೇಳಿದವರು ಅವರೇ. ತಟ್ಟೆ ಬಡಿದು ಗೌರವಿಸಿದೆವು. 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಅವರು ಹಗಲು ರಾತ್ರಿ ಕೂತು ಕೇಳಿದ್ದು ಗೌರವವನ್ನಲ್ಲ, ತಿಂಗಳ ಕೊನೆಯಲ್ಲಿ ಲೆಕ್ಕಕ್ಕೆ ಸಿಗುವಂಥ ದುಡ್ಡನ್ನು. 'ಗೌರವಧನ' ಎಂಬ ಪದ ಮಾಡುವ ಕೆಲಸ ಇಷ್ಟೇ: ಧನವನ್ನು ಕಡಿಮೆ ಮಾಡಿ ಆ ಜಾಗವನ್ನು ಗೌರವದಿಂದ ತುಂಬುವುದು. ಇದಕ್ಕೆ ಕನ್ನಡದಲ್ಲಿ ಸರಿಯಾದ ಪದ ಬಹಳ ಹಿಂದೆಯೇ ಇತ್ತು. ಆ ಪದ ಬಿಟ್ಟಿ.

ನಾನು ಉತ್ಪ್ರೇಕ್ಷೆ ಮಾಡುತ್ತಿದ್ದೇನೆ ಎನಿಸಿದರೆ ನ್ಯಾಯಾಲಯದ ಮಾತನ್ನು ಕೇಳಿ. ದೆಹಲಿಯಲ್ಲಿ ಏಷ್ಯನ್ ಕ್ರೀಡಾಕೂಟಕ್ಕೆ ಕಟ್ಟಡ ಕಟ್ಟುತ್ತಿದ್ದ ಕೂಲಿಗಳ ಮೊಕದ್ದಮೆಯಲ್ಲಿ, 1982ರಲ್ಲಿ, ಸುಪ್ರೀಂ ಕೋರ್ಟು ಒಂದು ದೊಡ್ಡ ಮಾತು ಹೇಳಿತು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿದರೆ ಅದು 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ. ಏಕೆಂದರೆ ಯಾರೂ ಮನಸಾರೆ ಅಷ್ಟು ಕಡಿಮೆಗೆ ದುಡಿಯುವುದಿಲ್ಲ. ಹಗ್ಗ ಹಾಕಿ ಕಟ್ಟುವುದೊಂದೇ ಬಲವಂತವಲ್ಲ, ಹಸಿವೂ ಬಲವಂತ. ಮರುವರ್ಷ ರಾಜಸ್ಥಾನದ ಬರಗಾಲದ ಕಾಮಗಾರಿಯ ಮೊಕದ್ದಮೆ ಬಂತು. ಬರಪೀಡಿತರಿಗೆ ನೆರವಾಗುತ್ತಿದ್ದೇವೆ, ಹಾಗಾಗಿ ಕಡಿಮೆ ಕೂಲಿ ಕೊಟ್ಟರೂ ಸರಿ ಎಂಬ ವಾದವನ್ನು ಕೋರ್ಟು ಒಪ್ಪಲಿಲ್ಲ. ನೆರವಿನ ಹೆಸರಿನಲ್ಲಿ ಬೆವರಿನ ಬೆಲೆ ಇಳಿಸುವಂತಿಲ್ಲ ಎಂದಿತು.

ಇಲ್ಲಿಗೆ ಬಂದಾಗ ಯಾರಾದರೊಬ್ಬರು ಶರಣರನ್ನು ಎಳೆದು ತರುತ್ತಾರೆ. ಕಾಯಕದ ನಾಡಿದು, ಬಿಟ್ಟಿ ಕೊಟ್ಟು ಜನರನ್ನು ಸೋಮಾರಿ ಮಾಡುತ್ತಿದ್ದೀರಿ, ಆಯ್ದಕ್ಕಿ ಲಕ್ಕಮ್ಮನನ್ನು ನೋಡಿ ಕಲಿಯಿರಿ ಎನ್ನುತ್ತಾರೆ. ನೋಡೋಣ. ಲಕ್ಕಮ್ಮನ ಗಂಡ ಮಾರಯ್ಯ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವವನು. ಒಂದು ದಿನ ವಾಡಿಕೆಗಿಂತ ಹೆಚ್ಚು ತಂದ. ಅವಳು ಒಪ್ಪಲಿಲ್ಲ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಕಳಿಸಿದಳು. ಆ ಹೆಣ್ಣಿನ ಎದುರು ನಾನು ತಲೆಬಾಗುತ್ತೇನೆ. ಆದರೆ ಅವಳು ತಿದ್ದಿದ್ದು ಯಾರನ್ನು? ತನ್ನ ಗಂಡನನ್ನು, ತನ್ನ ಮನೆಯ ಆಸೆಯನ್ನು. ಪಕ್ಕದ ಮನೆಯ ಹಸಿದವರ ಮಡಕೆ ತೆಗೆದು ಇಷ್ಟೇಕೆ ಅಕ್ಕಿ ಎಂದು ಅವಳು ಕೇಳಲಿಲ್ಲ. ಲಕ್ಕಮ್ಮನ ಮಾತನ್ನು ಆಡುವ ಹಕ್ಕು ಬೇಕಾದರೆ ಮೊದಲು ನಮ್ಮ ಮನೆಯ ಉಗ್ರಾಣದ ಬಾಗಿಲು ತೆರೆದು ನಿಲ್ಲಬೇಕು. ಇನ್ನು ಸೋಮಾರಿತನದ ಮಾತು. ಆವತ್ತು ಆ ಬಸ್ಸಿನಲ್ಲಿ ನಿಂತಿದ್ದ ಹೆಂಗಸರಲ್ಲಿ ಹೆಚ್ಚಿನವರು ಹೊರಟಿದ್ದು ಕೆಲಸಕ್ಕೆ. ಕತ್ತಲಲ್ಲೇ ಎದ್ದು, ಅಡುಗೆ ಮುಗಿಸಿ, ನೀರು ಹಿಡಿದು, ಮಕ್ಕಳನ್ನು ಎಬ್ಬಿಸಿ ಹೊರಟವರು. ಬಸ್ಸಿನ ದುಡ್ಡು ಉಳಿದದ್ದರಿಂದಲೇ ಊರಿನ ಕಳೆ ಕೀಳುವ ಕೂಲಿ ಬಿಟ್ಟು ನಗರದ ಕೂಲಿಗೆ ಹೋಗಲು ಸಾಧ್ಯವಾದವರು ಅವರಲ್ಲಿದ್ದಾರೆ. ಅವರನ್ನು ಸೋಮಾರಿಗಳು ಎನ್ನಲು ನಾಲಗೆ ಹೇಗೆ ಏಳುತ್ತದೆ?

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಸುಡುವುದು ಮಕ್ಕಳ ವಿಚಾರ. ಶಾಲೆಯಲ್ಲಿ ಬೇಯಿಸಿದ ಊಟ ಕೊಡಬೇಕೆಂದು 2001ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಎಲ್ಲ ರಾಜ್ಯಗಳಿಗೆ ಆದೇಶಿಸಿತು. ಕರ್ನಾಟಕ ತನ್ನ ಯೋಜನೆಗೆ 'ಅಕ್ಷರ ದಾಸೋಹ' ಎಂದು ಹೆಸರಿಟ್ಟಿತು. ಹೆಸರಿಟ್ಟವರಿಗೆ ನನ್ನ ಕೈ ಮುಗಿಯುತ್ತದೆ. ದಾಸೋಹದಲ್ಲಿ ಬಾಗಬೇಕಾದವನು ಉಣ್ಣುವವನಲ್ಲ, ಬಡಿಸುವವನು. ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳು ಸಾಲಾಗಿ ಕೂತು ಉಣ್ಣುವುದನ್ನು ನೋಡಿದವರು ಯಾರೂ ಅದನ್ನು ಬಿಟ್ಟಿ ಕೂಳು ಎನ್ನುವುದಿಲ್ಲ, ಪ್ರಸಾದ ಎನ್ನುತ್ತಾರೆ. ಅದೇ ಮಗು ಸರ್ಕಾರಿ ಶಾಲೆಯ ಜಗಲಿಯಲ್ಲಿ ತಟ್ಟೆ ಹಿಡಿದು ಕೂತರೆ ಮಾತ್ರ 'ಬಿಟ್ಟಿ ಊಟಕ್ಕೆ ಬರ್ತವೆ' ಎಂಬ ಮಾತು ದೊಡ್ಡವರ ಬಾಯಿಂದ ಬೀಳುತ್ತದೆ. ಎಂಟು ವರ್ಷದ ಮಗುವಿನ ಕಿವಿ ಚುರುಕು. ತನ್ನ ಅನ್ನಕ್ಕೊಂದು ಹೆಸರಿದೆ, ಆ ಹೆಸರಿನಲ್ಲಿ ಹೇಸಿಗೆಯಿದೆ ಎಂದು ಅದಕ್ಕೆ ತಿಳಿಯುತ್ತದೆ. ಆ ತುತ್ತು ಗಂಟಲಲ್ಲಿ ಇಳಿಯುವುದು ಹೇಗೆ? ಆ ಮಗುವಿನ ಮುತ್ತಜ್ಜಿ ಬಿಟ್ಟಿ ದುಡಿದವಳಾಗಿರಬಹುದು. ಅವಳಿಗೆ ಕೂಲಿ ತಪ್ಪಿಸಿದೆವು, ಮರಿಮಗುವಿಗೆ ಅನ್ನ ಕೊಡುವಾಗ ಮರ್ಯಾದೆ ತಪ್ಪಿಸುತ್ತಿದ್ದೇವೆ.

ಆದ್ದರಿಂದ ಕೇಳುತ್ತಿದ್ದೇನೆ, ಕೈಮುಗಿದು ಕೇಳುತ್ತಿದ್ದೇನೆ. ಮೇಷ್ಟ್ರೇ, ಮೇಡಂ, ನಿಮ್ಮ ಶಾಲೆಯ ಜಗಲಿಯಲ್ಲಿ ಆ ಪದ ಕೇಳಿಸಿದರೆ ಅಲ್ಲಿಯೇ ತಡೆಯಿರಿ. ತದ್ಭವಗಳ ಪಾಠ ಬಂದಾಗ ವಿಷ್ಟಿಯಿಂದ ಬಿಟ್ಟಿಯಾಯಿತೆಂದು ಬರೆಸಿ ಮುಂದಿನ ಪದಕ್ಕೆ ಹೋಗಬೇಡಿ, ಒಂದು ನಿಮಿಷ ನಿಲ್ಲಿ, ಯಾರ ಬೆವರು ಅದರಲ್ಲಿದೆ ಎಂದು ಹೇಳಿ. ಪತ್ರಿಕೆಯ ಮೇಜಿನ ಮುಂದೆ ಕೂತ ಗೆಳೆಯರೇ, ಪ್ರಾಸಕ್ಕೆ ಚೆನ್ನಾಗಿದೆಯೆಂದು 'ಬಿಟ್ಟಿ ಭಾಗ್ಯ' ಎಂಬ ತಲೆಬರಹ ಕೊಡುವ ಮುನ್ನ, ಬೆಳಗ್ಗೆ ಆ ಪತ್ರಿಕೆಯನ್ನು ಮಡಚಿ ಅದರಲ್ಲಿ ಸೊಪ್ಪು ಕಟ್ಟುವ ಕೈಯನ್ನು ನೆನೆಯಿರಿ. ರಾಜಕಾರಣಿಗಳೇ, ನಿಮ್ಮ ನಿಮ್ಮ ಜಗಳಕ್ಕೆ ಬಡವರ ಮುಖವನ್ನು ಕಲ್ಲು ಬೀರುವ ಗುರಿ ಮಾಡಬೇಡಿ. ಕಂಡಕ್ಟರ್ ಅಣ್ಣಂದಿರೇ, ನಿಮ್ಮ ದುಡಿಮೆ ಎಷ್ಟು ಭಾರವಾಗಿದೆಯೆಂದು ಬಲ್ಲೆ. ನೀವು ಹರಿದು ಕೊಡುವ ಆ ಶೂನ್ಯ ಮೊತ್ತದ ಚೀಟಿಯೂ ಟಿಕೇಟೇ, ಅದರ ಹಣವನ್ನು ಕೊಡಬೇಕಾದದ್ದು ಸರ್ಕಾರ. ಕೊಡದಿದ್ದರೆ ವಿಧಾನಸೌಧವನ್ನು ಬೈಯಿರಿ, ಚೀಟಿ ಹಿಡಿದವಳನ್ನಲ್ಲ.

ಬಿಟ್ಟಿ ಎಂಬ ಪದವನ್ನು ಮರೆಯಿರಿ ಎಂದೂ ನಾನು ಹೇಳುವುದಿಲ್ಲ. ಬೇಡ, ಮರೆಯಬೇಡಿ. ಅದು 2,000 ವರ್ಷದ ಸಾಕ್ಷಿ. ಅದನ್ನು ಅದರ ಮನೆಗೆ ಹಿಂದಿರುಗಿಸಿ. ತಿಂಗಳುಗಟ್ಟಲೆ ಸಂಬಳ ತಡೆಹಿಡಿದ ಗುತ್ತಿಗೆದಾರನನ್ನು ಕಂಡಾಗ ಆ ಪದವನ್ನು ಬಳಸಿ. ಆಶಾ ಕಾರ್ಯಕರ್ತೆಯ 'ಗೌರವಧನ'ದ ಎದುರು ಬಳಸಿ. ಓಟಿ ಕೊಡದೆ ರಾತ್ರಿಯವರೆಗೆ ಕೂರಿಸಿಕೊಳ್ಳುವ ಕಚೇರಿಯಲ್ಲಿ ಬಳಸಿ. ಊಟ ಮುಗಿಸಿ ತಟ್ಟೆಯನ್ನು ಅಲ್ಲೇ ಬಿಟ್ಟು ಏಳುವಾಗ, ಗಂಡಸರೇ, ನಮ್ಮ ಬಗ್ಗೆಯೇ ಆ ಪದವನ್ನು ಬಳಸೋಣ.

ಆವತ್ತು ನಂಜನಗೂಡು ದಾಟಿದ ಮೇಲೆ ನಾನು ಎದ್ದು ಆ ಅಮ್ಮನಿಗೆ ಸೀಟು ಕೊಟ್ಟೆ. ಕೂತರು. ಆಗ ಕೇಳಿದೆ: "ನಿಮ್ಮವ್ವ ಯಾವ್ಯಾವ ಕೆಲಸಕ್ಕೆ ಹೋಗ್ತಿದ್ರಮ್ಮ?" ಬೆರಳು ಮಡಚುತ್ತ ಹೇಳಿದರು. ರಾಗಿ ಕುಯ್ಲಿಗೆ. ಹಟ್ಟಿ ಬಳಿಯೋಕೆ. ತಿಪ್ಪೆ ಹೊರೋಕೆ. ಗೌಡರ ಮಗಳ ಮದುವೆಗೆ ಒಂದು ವಾರ ನೆಲ್ಲು ಕುಟ್ಟೋಕೆ. ಸೌದೆ ಸೀಳೋಕೆ, ಬಾಣಂತನಕ್ಕೆ ನೀರು ಹೊರೋಕೆ. ಒಂದು ಕೈಯ ಬೆರಳು ಮುಗಿದು ಇನ್ನೊಂದು ಕೈಗೆ ಹೋದರು.

"ಕೂಲಿ ಎಷ್ಟಾಗಿತ್ತೋ, ಲೆಕ್ಕ ಏನಾದ್ರೂ ಗೊತ್ತಾ?"

"ಲೆಕ್ಕ ಇಡೋರು ಅವರೇ ಬುದ್ದಿ, ನಾವಲ್ಲ" ಅಂದರು.

ಬುದ್ದಿ ಎಂದು ಕರೆಯಬೇಡಿ ಎನ್ನಬೇಕೆಂದಿದ್ದೆ. ಅಷ್ಟರಲ್ಲಿ ಮೈಸೂರು ಬಂದಿತ್ತು. ಎಲ್ಲರೂ ಬಾಗಿಲ ಕಡೆ ನುಗ್ಗುತ್ತಿದ್ದರು. ಅವರು ಸಿಂಬಿಯನ್ನು ತಲೆಯ ಮೇಲಿಟ್ಟುಕೊಂಡು, "ವಸಿ ಕೈ ಹಿಡೀರಿ" ಎಂದರು. ನಾನೊಂದು ಕಡೆ, ಅವರ ಜೊತೆಯವಳು ಇನ್ನೊಂದು ಕಡೆ ಹಿಡಿದು ಬುಟ್ಟಿ ಎತ್ತಿದೆವು. ನಾನು ಅಂದುಕೊಂಡದ್ದಕ್ಕಿಂತ ಬಹಳ ಭಾರವಿತ್ತು.